ಸುಮ್ಮನಿದ್ದೋರ ದುಡ್ಡು ಯಾರ ಲೆಕ್ಕಕ್ಕೆ? ಪ್ರಪೊಸಿಷನ್ 75 ಮತ್ತು ಒಂದು ಪೇರೋಲ್ ಸೆಕ್ಷನ್

2005ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೌಂಟಿ (ನಮ್ಮ ಜಿಲ್ಲೆ ಥರ) ಆಫೀಸಿನ ಪೇರೋಲ್ ಸೆಕ್ಷನ್ನಲ್ಲಿ, ಅಂದ್ರೆ ಸಂಬಳದ ಲೆಕ್ಕ ನೋಡೋ ಕಡೆ, ಕೆಲ್ಸ ಮಾಡ್ತಿದ್ದ ಒಬ್ಬರ ವಿಷ್ಯ ಇದು. ಪ್ರಪೊಸಿಷನ್ ಅಂದ್ರೆ ಜನ ನೇರವಾಗಿ ಓಟ್ ಹಾಕಿ ಹೌದು ಅಥ್ವಾ ಇಲ್ಲ ಅನ್ನೋ ಕಾನೂನು ಪ್ರಸ್ತಾಪ, ಆ ವರ್ಷದ 75 ಬಂದಿದ್ದು ಸರ್ಕಾರಿ ನೌಕರರ ಯೂನಿಯನ್ ದುಡ್ಡು ರಾಜಕೀಯಕ್ಕೆ ಹೋಗೋ ವಿಷ್ಯದಲ್ಲಿ. ಭದ್ರಾವತಿ ಕಡೆಯವರು, ನಾನು ಮೊದಲಿಂದ್ಲೂ ಅವ್ರನ್ನ ಅಕ್ಕ ಅಂತ್ಲೇ ಕರ್ಯೋದು, ಇಲ್ಲೂ ಹಾಗೇ ಬರೀತೀನಿ. ಕೌಂಟಿ ಯಾವ್ದು ಯೂನಿಯನ್ ಯಾವ್ದು ಅಂತ ಹೇಳಲ್ಲ, ಗುರುತು ಸಿಗೋ ಅಂಥ ಒಂದೆರಡು ವಿವರ ಬದಲಾಯಿಸಿದೀನಿ, ಆದ್ರೆ ಯಾವಾಗ ಏನು ತೀರ್ಮಾನ ಆಯ್ತು, ಯಾಕಾಯ್ತು ಅನ್ನೋದನ್ನ ಮುಟ್ಟಿಲ್ಲ. ಇಲ್ಲಿನ ಕೌಂಟಿ, ಸ್ಕೂಲ್ ಡಿಸ್ಟ್ರಿಕ್ಟ್ ಕೆಲಸಕ್ಕೆ ಸೇರ್ತಿರೋ ನಮ್ಮ ಕನ್ನಡದೋರು ಮೊದಲನೇ ಪೇ ಸ್ಲಿಪ್ ನೋಡಿ "ಈ ಲೈನ್ ಏನು, ನಾನು ಎಲ್ಲಿ ಸೈನ್ ಹಾಕ್ದೆ" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಪೂರ್ತಿ ಬರ್ದಿಡೋಣ ಅನ್ನಿಸ್ತು.

ಅಕ್ಕಂಗೆ ಆಗ ಎರಡು ಪಾತ್ರ. ಬೆಳಗ್ಗೆಯಿಂದ ಸಂಜೆವರೆಗೆ ಪೇರೋಲ್ ಕ್ಲರ್ಕು, ಅಂದ್ರೆ ಎರಡು ವಾರಕ್ಕೊಂದ್ಸಲ ಸಂಬಳ ಓಡಿಸ್ವಾಗ ಪ್ರತಿಯೊಬ್ಬರ ಹೆಸರಿನ ಮುಂದೆ ಏನೇನು ಹಿಡ್ಕೋಬೇಕು ಅಂತ ಕೋಡ್ ಹಾಕೋರು, ಫೆಡರಲ್ ಟ್ಯಾಕ್ಸು, ಸ್ಟೇಟ್ ಟ್ಯಾಕ್ಸು, ಮೆಡಿಕೇರು, ಪೆನ್ಶನ್ ಕಂತು, ಹೆಲ್ತ್ ಇನ್ಶೂರೆನ್ಸು, ಕೊನೇಲಿ ಯೂನಿಯನ್ ಲೈನು. ಊಟದ ಟೈಮಲ್ಲಿ ಮತ್ತೆ ಆಫೀಸ್ ಬಿಟ್ಟ ಮೇಲೆ ಅದೇ ಯೂನಿಯನ್ನಿನ ಪ್ರತಿನಿಧಿ, ಅವರ ಬ್ಲಾಕಿಗೆಲ್ಲ ಅವ್ರೇ. ಈ ಎರಡೂ ಒಬ್ಬರ ತಲೆ ಮೇಲೇ ಇದ್ದಿದ್ರಿಂದ್ಲೇ ಮುಂದಿನದೆಲ್ಲ ನಡೀತು.

ಆ ಯೂನಿಯನ್ ಲೈನಲ್ಲಿ ಎರಡು ಥರ ಕೋಡ್ ಇರ್ತಿತ್ತು. ಮೆಂಬರ್ ಆದೋರಿಗೆ ಚಂದಾ. ಮೆಂಬರ್ ಆಗದೇ ಇರೋರಿಗೂ ಬಿಡುಗಡೆ ಇಲ್ಲ, ಅವ್ರಿಂದ ಏಜೆನ್ಸಿ ಫೀ ಅಂತ ಹಿಡೀತಿದ್ರು, ಯಾಕಂದ್ರೆ ಯೂನಿಯನ್ ಮಾತಾಡಿ ಗಿಟ್ಟಿಸಿದ ಸಂಬಳ ರಜಾ ಎಲ್ಲಾ ಅವ್ರಿಗೂ ಸಿಗುತ್ತಲ್ಲ. 1977ರ ಅಬೂಡ್ ತೀರ್ಪಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ಸರಿ ಅಂದಿತ್ತು, ಆದ್ರೆ ಒಂದು ಗೆರೆ ಎಳೆದಿತ್ತು: ಸಂಬಳದ ಮಾತುಕತೆಯ ಖರ್ಚಿಗೆ ತಗೊಳ್ಳಿ, ಮನಸ್ಸಿಲ್ಲದೋರ ದುಡ್ಡನ್ನ ರಾಜಕೀಯಕ್ಕೆ ಹಾಕ್ಬೇಡಿ. 1986ರ ಹಡ್ಸನ್ ತೀರ್ಪು ಬಂದ್ಮೇಲೆ ಯೂನಿಯನ್ನು ಇಂಥವರಿಗೆ ಖರ್ಚಿನ ಲೆಕ್ಕ ಕಳಿಸ್ಬೇಕಾಯ್ತು. ಲೆಕ್ಕ ನೋಡಿ, ಇಷ್ಟು ದಿನದೊಳಗೆ "ರಾಜಕೀಯದ ಪಾಲು ನಂಗೆ ಬೇಡ" ಅಂತ ಪತ್ರ ಬರೆದೋರಿಗೆ ಆ ಪಾಲು ಕಮ್ಮಿ ಆಗ್ತಿತ್ತು. ಬರೀದೇ ಇದ್ರೆ ಪೂರ್ತಿ ಹಿಡೀತಿದ್ರು. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಇಲ್ಲಿ ಅದು ಗಾದೆಯಾಗಿ ಉಳಿದಿರ್ಲಿಲ್ಲ, ಪೇರೋಲ್ ಸಿಸ್ಟಮ್ಮಿನ ರೂಲೇ ಆಗೋಗಿತ್ತು.

ಇನ್ನು ಮೆಂಬರ್ ಆಗಿದ್ದು ರಾಜಕೀಯಕ್ಕೆ ಮಾತ್ರ ಬೇಡ ಅನ್ನೋರಿಗೆ? ಅಕ್ಕನ ಯೂನಿಯನ್ನಲ್ಲಿ ಅದಕ್ಕೆ ದಾರಿನೇ ಇರ್ಲಿಲ್ಲ, ಮೊದ್ಲು ಮೆಂಬರ್‌ಶಿಪ್ ಬಿಡ್ಬೇಕು, ಬಿಟ್ರೆ ಕಾಂಟ್ರಾಕ್ಟ್ (ಯೂನಿಯನ್ ಮಾಡ್ಕೊಳ್ಳೋ ಸಂಬಳದ ಒಪ್ಪಂದ) ಮೇಲೆ ಓಟು ಹಾಕೋ ಹಕ್ಕೂ ಹೋಗುತ್ತೆ. ನಂಗೆ ಕೇಳಿದ್ರೆ ಇಡೀ ಗಲಾಟೆಯ ಬೇರು ಇದು.

2005ರ ಜೂನಲ್ಲಿ ಗವರ್ನರ್ ಅರ್ನಾಲ್ಡ್ ಶ್ವಾರ್ಜ಼್‌ನೆಗರ್ ನವೆಂಬರ್ 8ಕ್ಕೆ ವಿಶೇಷ ಚುನಾವಣೆ ಕರೆದ್ರು. ಅಭ್ಯರ್ಥಿಗಳನ್ನ ಆರಿಸೋ ಚುನಾವಣೆ ಅಲ್ಲ ಅದು, ಎಂಟು ಪ್ರಪೊಸಿಷನ್ ಜನರ ಮುಂದೆ ಇಟ್ಟು ಹೌದು ಅಥ್ವಾ ಇಲ್ಲ ಅನ್ನಿಸೋ ಚುನಾವಣೆ. ಟೀಚರುಗಳ ಕೆಲಸ ಖಾಯಂ ಆಗೋದಕ್ಕೆ ಎರಡರ ಬದ್ಲು ಐದು ವರ್ಷ ಮಾಡೋ 74, ರಾಜ್ಯದ ಖರ್ಚಿಗೆ ಕಡಿವಾಣ ಹಾಕೋ 76, ಇವುಗಳ ಮಧ್ಯ 75. ಅದು ಹೇಳಿದ್ದು ಇಷ್ಟು: ಸರ್ಕಾರಿ ನೌಕರರ ಯೂನಿಯನ್ನು ಚಂದಾ ಅಥ್ವಾ ಫೀ ದುಡ್ಡನ್ನ ರಾಜಕೀಯಕ್ಕೆ ಹಾಕ್ಬೇಕಂದ್ರೆ ಪ್ರತಿಯೊಬ್ಬ ನೌಕರನಿಂದ ಪ್ರತಿ ವರ್ಷ, ಮೊದಲೇ, ಒಂದು ನಿಗದಿಯಾದ ಫಾರಂ ಮೇಲೆ ಸೈನ್ ತಗೋಬೇಕು. ಸುಮ್ಮನಿದ್ರೆ ಒಪ್ಪಿಗೆ ಅನ್ನೋದನ್ನ ಸುಮ್ಮನಿದ್ರೆ ಒಪ್ಪಿಗೆ ಇಲ್ಲ ಅಂತ ತಿರುಗಿಸೋದು. ಇದು ಹೊಸ ಐಡಿಯಾನೂ ಅಲ್ಲ, 1998ರ ಜೂನಲ್ಲಿ ಪ್ರಪೊಸಿಷನ್ 226 ಅಂತ ಇಂಥದ್ದೇ ಬಂದು ಶೇ. 53ರಷ್ಟು ಜನ ಬೇಡ ಅಂದಿದ್ರು. ಆದ್ರೆ ಆವಾಗಿನದು ಎಲ್ಲಾ ಯೂನಿಯನ್ನಿಗೂ ಇತ್ತು, 75 ಸರ್ಕಾರಿ ನೌಕರರ ಯೂನಿಯನ್ನಿಗೆ ಮಾತ್ರ.

ಅಕ್ಕಂಗೆ ಮೊದಲನೇ ಪರೀಕ್ಷೆ ಜುಲೈಯಲ್ಲೇ ಬಂತು. ಇನ್ನೊಬ್ಬ ಪ್ರತಿನಿಧಿ, ಒಳ್ಳೇ ಮನುಷ್ಯ, ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದ್ರಂತೆ, ನಿಮ್ಮ ಬ್ಲಾಕಲ್ಲಿ ಯಾರು ಚಂದಾ ಕೋಡಲ್ಲಿದಾರೆ ಯಾರು ಫೀ ಕೋಡಲ್ಲಿದಾರೆ ಒಂದು ಚೀಟಿ ಮೇಲೆ ಬರ್ಕೊಡಿ, ಯಾರ ಹತ್ರ ಮಾತಾಡ್ಬೇಕು ಅಂತ ಗೊತ್ತಾಗುತ್ತೆ. ಅಕ್ಕ ಕೊಡಲ್ಲ ಅಂದ್ರು. ಆ ಹೆಸರುಗಳು ಯೂನಿಯನ್ ಆಫೀಸಿಗೆ ಕೌಂಟಿಯಿಂದ ಹೆಂಗೂ ಹೋಗ್ತವೆ, ಬೇಕಾದ್ರೆ ಅಲ್ಲಿಂದ ತಗೊಳ್ಳಿ, ನನ್ನ ಸ್ಕ್ರೀನಿಂದ ಬರಲ್ಲ ಅಂದ್ರು. ಅಷ್ಟಕ್ಕೇ ಬಿಡ್ಲಿಲ್ಲ, ಮರುದಿನ ತಮ್ಮ ಸೂಪರ್‌ವೈಸರಿಗೆ ಎರಡು ಸಾಲು ಬರೆದು ಕೊಟ್ರು, ನಾನು ಯೂನಿಯನ್ ಪ್ರತಿನಿಧಿ, ಈ ಚುನಾವಣೆ ಬಗ್ಗೆ ಕೆಲಸದ ವೇಳೇಲಿ ಮಾತಾಡಲ್ಲ, ಕೌಂಟಿ ಇಮೇಲ್ ಫೋನ್ ಪ್ರಿಂಟರ್ ಮುಟ್ಟಲ್ಲ ಅಂತ. ಇದು ಬರೀ ಒಳ್ಳೇತನಕ್ಕೆ ಮಾಡಿದ್ದಲ್ಲ, ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಖರ್ಚಲ್ಲಿ ಚುನಾವಣಾ ಪ್ರಚಾರ ಮಾಡೋದು ಕಾನೂನಿಗೆ ವಿರುದ್ಧ, ಪ್ರಚಾರ ಜೋರಾದಾಗ ಜನ ಮರೆಯೋದು ಇದನ್ನೇ. ಆ ಪ್ರತಿನಿಧಿ ಕೆಲವು ವಾರ ಮುನಿಸ್ಕೊಂಡಿದ್ರು. ಆದ್ರೆ ಆ ಚೀಟಿ ಬರ್ಕೊಟ್ಟಿದ್ರೆ ಅಕ್ಕಂಗೆ ಮುಂದಿನ ಯಾವ ಮಾತನ್ನೂ ಆಡೋ ಮುಖ ಇರ್ತಿರ್ಲಿಲ್ಲ, ನಂಗೆ ಇದ್ರಲ್ಲಿ ಸ್ವಲ್ಪಾನೂ ಅನುಮಾನ ಇಲ್ಲ.

ಸಮಸ್ಯೆ ಶುರುವಾಗಿದ್ದು ಬೇರೆ ಕಡೆಯಿಂದ. ಅದೇ ಸೆಕ್ಷನ್ನಲ್ಲಿ ಒಬ್ರು ಹಿರೇ ಅಕೌಂಟೆಂಟ್ ಇದ್ರು, ಯಜಮಾನ್ರು ಅನ್ನೋಣ, ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಸರ್ವೀಸು, ಯೂನಿಯನ್ ಮೆಂಬರು, ಹಿಂದೆ ಮಾತುಕತೆ ಮುರಿದು ಬಿದ್ದಾಗ ಬೋರ್ಡ್ ಹಿಡ್ಕೊಂಡು ರಸ್ತೇಲಿ ನಿಂತೋರು. ಮತ್ತೆ ಹುಟ್ಟಾ ರಿಪಬ್ಲಿಕನ್. ಯೂನಿಯನ್ ದುಡ್ಡೆಲ್ಲ ಹೆಚ್ಚುಕಮ್ಮಿ ಡೆಮೊಕ್ರಾಟ್ ಅಭ್ಯರ್ಥಿಗಳಿಗೇ ಹೋಗೋದು ಅವರಿಗೆ ವರ್ಷಗಳಿಂದ ಮುಳ್ಳಾಗಿತ್ತು. ಅಕ್ಕ ಯೂನಿಯನ್ ಕೊಟ್ಟ ಕರಪತ್ರ ಕೊಟ್ರು. ನರ್ಸು, ಟೀಚರು, ಫೈರ್ ಸರ್ವೀಸಿನೋರ ಬಾಯಿ ಮುಚ್ಚಿಸೋ ಕಾನೂನು ಇದು, ಕಂಪ್ನಿಗಳಿಗೆ ಯಾವ ಅಡ್ಡಿನೂ ಇಲ್ಲ, ಷೇರುದಾರರನ್ನ ಯಾರೂ ವರ್ಷಾವರ್ಷ ಕೇಳಲ್ಲ, ನಮ್ಮನ್ನ ಮಾತ್ರ ಕಟ್ಟಿ ಹಾಕ್ತಾರೆ ಅಂತ ಅದ್ರಲ್ಲಿತ್ತು. ಯಜಮಾನ್ರು ಓದಿ ವಾಪಸ್ ಕೊಟ್ಟು ಹೇಳಿದ್ರು, "ಕಂಪ್ನಿ ವಿಷ್ಯ ನಿಜಾನೇ ಇರ್ಬೋದು, ಆದ್ರೆ ನಾನು ಕೇಳ್ತಿರೋದು ನನ್ನ ದುಡ್ಡಿನ ವಿಷ್ಯ. ನನ್ನ ಬಾಯನ್ನ ಈಗ ಮುಚ್ಚಿರೋದು ಯಾರು?"

ಅಕ್ಕನ ಹತ್ರ ಉತ್ತರ ಇರ್ಲಿಲ್ಲ. ಮನೆಗೆ ಬಂದು ಎರಡು ದಿನ ಅದನ್ನೇ ಯೋಚ್ನೆ ಮಾಡಿದ್ರಂತೆ. ಅವರಿಗೆ ನೆನಪಾಗಿದ್ದು ಅಪ್ಪ. ಅವರಪ್ಪ ಭದ್ರಾವತೀಲಿ ಕಾರ್ಖಾನೆ ಕೆಲ್ಸದಲ್ಲಿದ್ರು, ಸಂಬಳದ ದಿನ ಗೇಟ್ ಹತ್ರ ಯೂನಿಯನ್ ರಸೀದಿ ಪುಸ್ತಕ ಹಿಡ್ಕೊಂಡು ನಿಲ್ತಿದ್ರು, ಒಬ್ಬೊಬ್ಬರನ್ನೂ ನಿಲ್ಲಿಸಿ ಚಂದಾ ಕೇಳೋರು, ಕೆಲವ್ರು ಕೊಟ್ಟು ಹೋಗೋರು, ಕೆಲವ್ರು ಹತ್ತು ನಿಮಿಷ ಬೈದು ಕೊಡೋರು, ಕೆಲವ್ರು ಬೈದು ಕೊಡದೇ ಹೋಗೋರು. ಬೈಸ್ಕೊಳ್ಳೋದೇ ಯೂನಿಯನ್ ಕೆಲ್ಸ ಅಂತ ಅಪ್ಪ ಅಂತಿದ್ರಂತೆ, ಯಾಕಂದ್ರೆ ಯಾರಿಗೆ ಏನು ನೋವು ಅಂತ ಗೊತ್ತಾಗ್ತಿದ್ದೇ ಆ ಗೇಟಲ್ಲಿ. ನಮ್ಮ ದೇಶದ ಕಾನೂನು ಈ ವಿಷ್ಯದಲ್ಲಿ ತುಂಬ ಹಿಂದೇನೇ ಒಂದು ದಾರಿ ಮಾಡಿತ್ತು, 1926ರ ಟ್ರೇಡ್ ಯೂನಿಯನ್ಸ್ ಕಾಯ್ದೆಯ 16ನೇ ಕಲಂ ಪ್ರಕಾರ ರಾಜಕೀಯದ ಖರ್ಚಿಗೆ ಪ್ರತ್ಯೇಕ ನಿಧಿ ಇರ್ಬೇಕಿತ್ತು, ಅದಕ್ಕೆ ಕೊಡಿ ಅಂತ ಯಾವ ಮೆಂಬರನ್ನೂ ಬಲವಂತ ಮಾಡೋ ಹಾಗಿರ್ಲಿಲ್ಲ, ಕೊಡ್ಲಿಲ್ಲ ಅಂತ ಯೂನಿಯನ್ನಿನ ಸೌಲಭ್ಯ ತಪ್ಪಿಸೋ ಹಾಗೂ ಇರ್ಲಿಲ್ಲ. ಕಾಗದದ ಮೇಲಿನ ಮಾತು ಹೌದು, ಆದ್ರೆ ಯಜಮಾನ್ರು ಕೇಳ್ತಿದ್ದಿದ್ದು ಹೆಚ್ಚುಕಮ್ಮಿ ಇಷ್ಟನ್ನೇ.

ಸೋಮವಾರ ಅಕ್ಕ ಯಜಮಾನ್ರನ್ನ ಊಟದ ಟೈಮಲ್ಲಿ ಹೊರಗಿನ ಬೆಂಚಿಗೆ ಕರ್ಕೊಂಡ್ಹೋಗಿ ಕರಪತ್ರದ ಮಾತು ಬಿಟ್ಟು, ನೀವು ಹೊರಗೆ ಹೋಗ್ಬೇಕಂದ್ರೆ ಏನೇನು ಮಾಡ್ಬೇಕು ಅಂತ ಒಂದೊಂದಾಗಿ ಹೇಳಿದ್ರು. ಮೆಂಬರ್‌ಶಿಪ್ ಬಿಡೋ ಪತ್ರ ಯಾರಿಗೆ ಬರೀಬೇಕು, ಆಕ್ಷೇಪಣೆ ಪತ್ರ ಯಾವಾಗ ಬರೀಬೇಕು, ಬಿಟ್ರೆ ಏನು ಹೋಗುತ್ತೆ, ಏನು ಉಳಿಯುತ್ತೆ. ಒಬ್ಬ ಯೂನಿಯನ್ ಪ್ರತಿನಿಧಿ ಮೆಂಬರಿಗೆ ಬಾಗಿಲು ತೋರಿಸ್ಕೊಡೋದು! ಲೋಕಲ್ (ಯೂನಿಯನ್ನಿನ ಸ್ಥಳೀಯ ಘಟಕ) ಮೀಟಿಂಗಲ್ಲಿ ಇದಕ್ಕೆ ಅಕ್ಕನ್ನ ತರಾಟೆಗೆ ತಗೊಂಡ್ರು, ಚುನಾವಣೆ ಟೈಮಲ್ಲಿ ಇದು ಮಾಡೋ ಕೆಲಸಾನಾ ಅಂತ. ಅಕ್ಕ ಹೇಳಿದ್ದು, ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದೂ ಒಳಗೆ ಕೂತಿರೋರು ನಮ್ಮೋರು, ಗೊತ್ತಿಲ್ಲದೆ ಕೂತಿರೋರನ್ನ ನಮ್ಮೋರು ಅಂತ ಹೆಂಗೆ ಲೆಕ್ಕ ಹಾಕೋದು.

ಯಜಮಾನ್ರು ಮೆಂಬರ್‌ಶಿಪ್ ಬಿಡ್ಲಿಲ್ಲ. ಪತ್ರ ಬರೆದ್ರು, ಡೆಸ್ಕಲ್ಲಿಟ್ಟುಕೊಂಡ್ರು, ಕಳಿಸ್ಲಿಲ್ಲ. ಕಾಂಟ್ರಾಕ್ಟ್ ಮೇಲಿನ ಓಟು ಬಿಡಕ್ಕೆ ಮನಸ್ಸು ಬರ್ಲಿಲ್ಲ ಅಂದ್ರಂತೆ.

ಆಗಸ್ಟ್ ಕೊನೇಲಿ ದುಡ್ಡಿನ ಪ್ರಶ್ನೆ ಬಂತು. 75ನ್ನ ಸೋಲಿಸಕ್ಕೆ ಟಿವಿ ಜಾಹೀರಾತು ಬೇಕು, ಜಾಹೀರಾತಿಗೆ ದುಡ್ಡು ಬೇಕು, ಆ ವರ್ಷ ಬೇರೆ ಬೇರೆ ಯೂನಿಯನ್ನುಗಳು ಚಂದಾನೇ ಏರಿಸ್ತಿದ್ವು. ಅಕ್ಕನ ಲೋಕಲ್ಲಲ್ಲೂ ಕೆಲವು ತಿಂಗಳ ಮಟ್ಟಿಗೆ ಎಲ್ಲರಿಂದ್ಲೂ ಸ್ವಲ್ಪ ಹೆಚ್ಚು ಹಿಡಿಯೋಣ ಅನ್ನೋ ಪ್ರಸ್ತಾಪ ಬಂತು, ಕೋಡ್ ಬದಲಾಯಿಸಿದ್ರೆ ಆಯ್ತು, ಒಂದೇ ದಿನದ ಕೆಲ್ಸ. ಆ ಕೋಡ್ ಹಾಕೋರಲ್ಲಿ ಅಕ್ಕನೂ ಒಬ್ರು. ಮೀಟಿಂಗಲ್ಲಿ ಎದ್ದು ಅವ್ರು ಹೇಳಿದ್ದನ್ನ ನಂಗೆ ಎಷ್ಟೋ ಸಲ ಹೇಳಿದಾರೆ: ಕೇಳದೇ ಹಿಡೀತಾರೆ ಅನ್ನೋದೇ ನಮ್ಮ ಮೇಲಿರೋ ಆರೋಪ, ಆ ಆರೋಪದ ವಿರುದ್ಧ ಹೋರಾಡಕ್ಕೆ ಕೇಳದೇ ಇನ್ನಷ್ಟು ಹಿಡಿದ್ರೆ ಯಜಮಾನ್ರ ಥರದೋರಿಗೆ ನಾನು ಏನು ಮುಖ ತೋರಿಸ್ಲಿ. ಬದಲಿಗೆ ಕಾರ್ಡ್ ಮಾಡ್ಸೋಣ, ಸ್ವಂತ ಇಷ್ಟದಿಂದ ಸೈನ್ ಹಾಕಿದೋರಿಂದ ಮಾತ್ರ, ಬೇರೆ ಲೈನಲ್ಲಿ, ರಾಜಕೀಯಕ್ಕೆ ಅಂತ್ಲೇ ಹಿಡಿಯೋಣ ಅಂದ್ರು. ಜೋರು ವಾದ ಆಯ್ತು. ದುಡ್ಡು ಸಾಲಲ್ಲ ಅಂದ್ರು, ಟೈಮಿಲ್ಲ ಅಂದ್ರು. ಕೊನೆಗೆ ಕಾರ್ಡೇ ಗೆದ್ದಿದ್ದು ಕೆಲವೇ ಕೆಲವು ಕೈಗಳ ಅಂತರದಲ್ಲಿ.

ಇಲ್ಲಿಂದ ಮುಂದಿನ ಆರು ವಾರ ನಾನು ಈ ಪ್ರಕರಣ ಬರೆಯಕ್ಕೆ ಮುಖ್ಯ ಕಾರಣ. ಅಕ್ಕ ಸಂಜೆ ಆಫೀಸ್ ಬಿಟ್ಟ ಮೇಲೆ ಪಾರ್ಕಿಂಗ್ ಲಾಟ್ ಹತ್ರ ನಿಂತು, ಅಪ್ಪನ ಥರಾನೇ, ಒಬ್ಬೊಬ್ಬರಿಗೂ ಕಾರ್ಡ್ ಕೊಟ್ಟು ಮಾತಾಡಿದ್ರು. ಒಪ್ಪಿದೋರು ತುಂಬ ಜನ. "ಹೌದು ಹೌದು ಹಾಕ್ತೀನಿ, ನಾಳೆ ತಂದ್ಕೊಡ್ತೀನಿ" ಅಂದೋರು ಇನ್ನೂ ತುಂಬ ಜನ. ವಾಪಸ್ ಬಂದ ಕಾರ್ಡು ಅರ್ಧಕ್ಕಿಂತ ಕಮ್ಮಿ. ಬರದೇ ಇರೋರನ್ನ ಮತ್ತೆ ಕೇಳಿದ್ರೆ ಕಾರ್ಡು ಕಾರಲ್ಲಿದೆ, ಬ್ಯಾಗಲ್ಲಿದೆ, ಫ್ರಿಜ್ ಮೇಲೆ ಅಂಟಿಸಿದೀನಿ, ಕಳ್ದೋಯ್ತು ಇನ್ನೊಂದು ಕೊಡಿ. ವಿರೋಧ ಇದ್ದೋರು ಬೆರಳೆಣಿಕೆ, ಉಳಿದೋರದ್ದು ಬರೀ ಮರೆವು, ಸೋಮಾರಿತನ, ಮಕ್ಕಳ ಸ್ಕೂಲು, ಟ್ರಾಫಿಕ್ಕು. ಆವಾಗ ಅಕ್ಕಂಗೆ ಪ್ರಪೊಸಿಷನ್ 75 ನಿಜವಾಗ್ಲೂ ಏನು ಅಂತ ಅರ್ಥ ಆಗಿದ್ದು. ಅದನ್ನ ಬರೆದೋರಿಗೂ ಗೊತ್ತಿತ್ತು, ವಿರೋಧ ಮಾಡ್ತಿರೋ ಯೂನಿಯನ್ ನಾಯಕರಿಗೂ ಗೊತ್ತಿತ್ತು, ಮನುಷ್ಯ ಫಾರಂ ತುಂಬಲ್ಲ. ಆಗಿನ ರೂಲಲ್ಲಿ ತುಂಬದ ಫಾರಂ ಯೂನಿಯನ್ ಪಾಲು, 75 ಬಂದ್ರೆ ತುಂಬದ ಫಾರಂ ಎದುರಾಳಿಗಳ ಪಾಲು. ಎರಡೂ ಕಡೆಯೋರು ನೌಕರನ ಸ್ವಾತಂತ್ರ್ಯ ಅಂತ ಮಾತಾಡ್ತಿದ್ರು, ಇಬ್ಬರ ಕಣ್ಣೂ ಇದ್ದಿದ್ದು ಫ್ರಿಜ್ ಮೇಲೆ ಅಂಟಿಸಿಟ್ಟ ಆ ಕಾರ್ಡ್ ಮೇಲೆ. ವರ್ಷಕ್ಕೊಂದ್ಸಲ ಸೈನ್ ಅಂದ್ರೆ ನ್ಯಾಯವಾಗೇ ಕೇಳ್ಸುತ್ತೆ, ನಂಗೂ ಮೊದ್ಲು ಹಾಗೇ ಅನ್ಸಿತ್ತು, ಆದ್ರೆ ಸಾವಿರಾರು ಜನರಿಂದ ಪ್ರತಿ ವರ್ಷ ಹೊಸದಾಗಿ ಸೈನ್ ತರೋದು ಅಂದ್ರೆ ಯೂನಿಯನ್ನು ವರ್ಷವಿಡೀ ಅದೇ ಕೆಲ್ಸ ಮಾಡ್ಬೇಕು. ಹಾಗಂತ ಆಗಿನ ವ್ಯವಸ್ಥೆ ಸರಿ ಇತ್ತಾ ಅಂದ್ರೆ ಅದೂ ಇಲ್ಲ, ಯಜಮಾನ್ರಿಗೆ ಮೆಂಬರಾಗಿ ಇದ್ಕೊಂಡೇ ಬೇಡ ಅನ್ನೋ ಒಂದು ಚೆಕ್ ಬಾಕ್ಸ್ ಇದ್ದಿದ್ರೆ ಅವ್ರು 75ಕ್ಕೆ ಹೌದು ಅಂತಿರ್ಲೇ ಇಲ್ಲ, ಇದನ್ನ ಅವ್ರೇ ಅಕ್ಕನ ಹತ್ರ ಹೇಳಿದಾರೆ. ನವೆಂಬರ್ 8ರಂದು ಅವ್ರು ಹೌದು ಅಂತ್ಲೇ ಓಟ್ ಹಾಕಿದ್ದು, ಮುಚ್ಚಿಡ್ಲಿಲ್ಲ.

ಫಲಿತಾಂಶ: ಹೌದು ಶೇ. 46.5, ಇಲ್ಲ ಶೇ. 53.5. ಎಂಟಕ್ಕೆ ಎಂಟೂ ಪ್ರಪೊಸಿಷನ್ ಸೋತ್ವು. ಶುರುವಿನ ಸಮೀಕ್ಷೆಗಳಲ್ಲಿ ಮುಂದಿದ್ದ 75 ಕೊನೇಲಿ ಬಿತ್ತು. ಯೂನಿಯನ್ ಆಫೀಸಲ್ಲಿ ಹಬ್ಬ.

ಆದ್ರೆ ಪ್ರಕರಣ ಅಲ್ಲಿಗೆ ಮುಗೀಲಿಲ್ಲ. ಅದೇ 2005ರಲ್ಲಿ ರಾಜ್ಯ ಸರ್ಕಾರದ ನೌಕರರ ಒಂದು ದೊಡ್ಡ ಯೂನಿಯನ್ನು, ಅಕ್ಕಂದಲ್ಲ, ಈ ಚುನಾವಣೆಗೆ ಅಂತ ಮೆಂಬರ್ ಅಲ್ಲದೋರಿಂದ್ಲೂ ಹೆಚ್ಚುವರಿ ಹಿಡಿದಿತ್ತು. ವರ್ಷದ ನೋಟಿಸು ಜೂನಲ್ಲೇ ಹೋಗಿತ್ತು, ಆಕ್ಷೇಪಣೆಗೆ ಕೊಟ್ಟ 30 ದಿನ ಮುಗಿದಿತ್ತು, ಆಮೇಲೆ ಏರಿಕೆ ಬಂತು, ಹೊಸದಾಗಿ ಬೇಡ ಅನ್ನೋ ಅವಕಾಶ ಕೊಡ್ಲಿಲ್ಲ. ಕೆಲವ್ರು ಕೋರ್ಟಿಗೆ ಹೋದ್ರು, ನಾಕ್ಸ್ ಪ್ರಕರಣ ಅಂತ, ಏಳು ವರ್ಷ ಎಳೀತು. 2012ರ ಜೂನಲ್ಲಿ ಸುಪ್ರೀಂ ಕೋರ್ಟು ಯೂನಿಯನ್ ಮಾಡಿದ್ದು ತಪ್ಪು ಅಂತು, ಏಳು ಜಡ್ಜುಗಳು ಒಂದು ಕಡೆ, ಇಬ್ರು ಇನ್ನೊಂದು ಕಡೆ. ಅದ್ರಲ್ಲಿ ಐದು ಜನ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಹೆಚ್ಚುವರಿಗೆ ಬೇಡ ಅಂದೋರನ್ನ ಬಿಡೋದು ಸಾಲದು, ಹೌದು ಅಂದೋರಿಂದ ಮಾತ್ರ ತಗೋಬೇಕು ಅಂದ್ರು. ತೀರ್ಪು ಬರೆದ ಜಸ್ಟಿಸ್ ಸ್ಯಾಮ್ಯುಯೆಲ್ ಅಲೀಟೋ ಅವ್ರೇ 2018ರ ಜೂನ್ 27ರಂದು ಜೇನಸ್ ತೀರ್ಪನ್ನೂ ಬರೆದ್ರು, ಐದು ನಾಲ್ಕರ ಅಂತರ, ಅಬೂಡ್ ರದ್ದು, ಇಡೀ ದೇಶದಲ್ಲಿ ಸರ್ಕಾರಿ ನೌಕರ ಸ್ಪಷ್ಟವಾಗಿ ಒಪ್ಪದೇ ಯೂನಿಯನ್ನಿಗೆ ಒಂದು ಪೈಸೆ ಹಿಡಿಯೋ ಹಾಗಿಲ್ಲ. ಮಧ್ಯೆ 2012ರ ನವೆಂಬರಲ್ಲಿ ಪ್ರಪೊಸಿಷನ್ 32 ಅಂತ ಮತ್ತೊಂದು ಪ್ರಯತ್ನ ನಡೆದು ಅದೂ ಬಿದ್ದಿತ್ತು, ಈ ಸಲ ಇಲ್ಲ ಅಂದೋರು ಶೇ. 56ಕ್ಕಿಂತ ಹೆಚ್ಚು. ಜನ ಮೂರು ಸಲ ಬೇಡ ಅಂದಿದ್ದು ಕೊನೆಗೆ ಕೋರ್ಟಿನ ಬಾಗಿಲಿಂದ, ಮೂರರಲ್ಲಿ ಯಾವ್ದೂ ಕೇಳದೇ ಇದ್ದಷ್ಟು ದೊಡ್ಡದಾಗಿ ಬಂತು. ಆ ಹಾದೀಲಿ ಒಂದು ಮುಖ್ಯ ಮೆಟ್ಟಿಲು 75ನ್ನ ಸೋಲಿಸಕ್ಕೆ ಅಂತ ಕೇಳದೇ ಹಿಡಿದ ದುಡ್ಡು. ಅಕ್ಕನ ಲೋಕಲ್ಲಲ್ಲಿ ಕಾರ್ಡು ಕೆಲವೇ ಕೈಗಳಿಂದ ಗೆದ್ದಿದ್ದು ನೆನಪಾದಾಗೆಲ್ಲ ನಂಗೆ ಮೈ ಜುಮ್ ಅನ್ನುತ್ತೆ.

ಅಕ್ಕ ತಮ್ಮ ಕಡೆಯ ತಪ್ಪನ್ನೂ ಹೇಳ್ತಾರೆ, ಅದನ್ನ ಬಿಟ್ಟು ಬರೆದ್ರೆ ಈ ಬರಹ ಅರ್ಧ. 2005ರಲ್ಲಿ ಅವ್ರು ಪಾರ್ಕಿಂಗ್ ಲಾಟಲ್ಲಿ ಕಾರ್ಡ್ ಕೊಟ್ಟಿದ್ದು ಮೆಂಬರುಗಳಿಗೆ ಮಾತ್ರ. ಫೀ ಕೋಡಿನೋರು ಯಾರ್ಯಾರು ಅಂತ ಸ್ಕ್ರೀನಲ್ಲಿ ದಿನಾ ನೋಡ್ತಿದ್ರಿಂದ ಅವರ ಹತ್ರ ಹೋದ್ರೆ ಆಫೀಸಿನ ಗುಟ್ಟು ಬಳಸ್ಕೊಂಡ ಹಾಗಾಗುತ್ತೆ ಅಂತ ಹೆದರಿ ದೂರ ಉಳಿದ್ರು. ಹೆದರಿಕೆ ಸರಿನೇ, ಆದ್ರೆ ಎಲ್ಲರನ್ನೂ ಒಂದೇ ಥರ ನಿಲ್ಲಿಸಿ ಮಾತಾಡ್ಸಿದ್ರೆ ಯಾರ ಗುಟ್ಟೂ ಹೊರಗೆ ಬರ್ತಿರ್ಲಿಲ್ಲ. ಅದು ಹೊಳೀಲೇ ಇಲ್ಲ, ಹದಿಮೂರು ವರ್ಷ ಹೊಳೀಲಿಲ್ಲ.

ಜೇನಸ್ ಬಂದ ವಾರ ಯಜಮಾನ್ರು ರಿಟೈರ್ ಆಗಿ ಎಷ್ಟೋ ವರ್ಷ ಆಗಿತ್ತು. ಫೀ ಕೋಡಲ್ಲಿದ್ದ ಅಷ್ಟೂ ಹೆಸರನ್ನ ಒಂದೇ ಸಲಕ್ಕೆ ನಿಲ್ಲಿಸಿ ಅಂತ ಆರ್ಡರ್ ಬಂತು, ಅಕ್ಕನೇ ಕೂತು ನಿಲ್ಲಿಸಿದ್ರು, ಎರಡು ಸಲ ಚೆಕ್ ಮಾಡಿದ್ರು, ಯಾರ ಸಂಬಳದಿಂದ್ಲೂ ಒಂದು ಡಾಲರ್ ತಪ್ಪಿ ಹೋಗ್ಬಾರ್ದು ಅಂತ. ಮುಂದಿನ ವಾರದಿಂದ ಸಂಜೆ ಮತ್ತೆ ಪಾರ್ಕಿಂಗ್ ಲಾಟ್, ಈ ಸಲ ಬಂದೋರನ್ನೆಲ್ಲ ನಿಲ್ಲಿಸಿದ್ರು, ಮೆಂಬರಾ ಅಲ್ವಾ ಅಂತ ನೋಡ್ದೇ. ಈಗ ಕಾನೂನು ಏನಾಗಿದೆ, ಸೇರೋದಾದ್ರೆ ಕಾರ್ಡ್ ಇದು, ಬೇಡ ಅಂದ್ರೆ ಏನೂ ಮಾಡ್ಬೇಕಾಗಿಲ್ಲ, ರಾಜಕೀಯದ ನಿಧಿ ಬೇರೆ, ಅದರ ಕಾರ್ಡ್ ಬೇರೆ. ಕೆಲವ್ರು ಖುಷಿಯಾಗಿ ಬೇಡ ಅಂದ್ರು, ಒಬ್ರು ಇಷ್ಟು ವರ್ಷ ಹಿಡಿದಿದ್ದನ್ನ ವಾಪಸ್ ಕೊಡಿ ಅಂತ ರೇಗಾಡಿದ್ರು, ಅಕ್ಕ ನಿಂತು ಕೇಳಿಸ್ಕೊಂಡ್ರು.

2005ರಲ್ಲಿ ಡೇಟಾ ಎಂಟ್ರಿಗೆ ಸೇರಿದ್ದ ಒಬ್ಬ ಹುಡುಗ, ಹುಡುಗ ಏನು, ಅಷ್ಟೊತ್ತಿಗೆ ಇಬ್ಬರು ಮಕ್ಕಳ ತಂದೆ, ಯಾವತ್ತೂ ಯೂನಿಯನ್ ಸುದ್ದಿಗೆ ಬಂದೋನಲ್ಲ. ಕಾರಿನ ಬಾನೆಟ್ ಮೇಲೆ ಕಾರ್ಡ್ ಇಟ್ಟು ಅಲ್ಲೇ ತುಂಬಿ ಸೈನ್ ಹಾಕಿ ವಾಪಸ್ ಕೊಟ್ಟ. ಅಕ್ಕಂಗೆ ಆಶ್ಚರ್ಯ, ಇಷ್ಟು ವರ್ಷ ಯಾಕಪ್ಪಾ ಸೇರ್ಲಿಲ್ಲ ಅಂದ್ರು.

"ನೀವು ಯಾರೂ ಕೇಳ್ಲೇ ಇಲ್ವಲ್ಲ" ಅಂದ.